ಬಾಯಾರಿಕೆಯನ್ನು ನಂಬಿ ಕೂರುವಂತಿಲ್ಲ

ನಿಡುಗಲ್ಲು ಬೆಟ್ಟದ ಸುತ್ತಿನ ಸೀಮೆ, ಅಂದರೆ ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳು, ಬಿಸಿಲಿಗೆ ಹೊಸದಲ್ಲ. ಇಲ್ಲಿ ಮಳೆ ಕಡಿಮೆ, ಬಂಡೆ ಹೆಚ್ಚು. ಶಿವರಾತ್ರಿ ಕಳೆದ ಮೇಲೆ ಹಗಲೆಲ್ಲ ಕಾದ ಕಲ್ಲು ರಾತ್ರಿ ಊಟದ ಹೊತ್ತಾದರೂ ಆರುವುದಿಲ್ಲ. ಇಂಥ ಕಡೆ ಮೈಯ ನೀರು ಬತ್ತಿ ಜನ ಕಾಯಿಲೆ ಬೀಳುವುದು ಅಚ್ಚರಿಯ ಸಂಗತಿಯಲ್ಲ. ಆದರೆ ಹಾಗೆ ಬಿದ್ದವರಲ್ಲಿ ‘ನೀರು ಸಾಲದೆ ಹೀಗಾಯಿತು’ ಎಂದು ಹೇಳಿಕೊಳ್ಳುವವರು ಬಲು ಕಡಿಮೆ. ಒಬ್ಬರು ತಲೆನೋವು ಎನ್ನುತ್ತಾರೆ, ಇನ್ನೊಬ್ಬರು ಉರಿಮೂತ್ರ. ಕೂತು ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಯಾಕೋ ಸುಸ್ತು, ಯಾರ ಮಾತೂ ಬೇಡ ಅನ್ನಿಸುತ್ತದೆ. ಕೇಳಿದವರು ಉಷ್ಣ ಆಗಿದೆ ಅಂತಲೋ, ವಯಸ್ಸಾಯಿತು ಅಂತಲೋ, ನಿದ್ದೆ ಸಾಲದು ಅಂತಲೋ ಸಮಾಧಾನ ಹೇಳುತ್ತಾರೆ. ಬಾಯಾರಿಕೆ ಆಗುತ್ತಿದೆಯೇ ಎಂದು ಕೇಳಿದರೆ ‘ಅಷ್ಟೇನಿಲ್ಲ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಕಡೆಯ ಪ್ರಶ್ನೆಯ ಮೇಲೇ ನನ್ನ ತಕರಾರು. ನಿರ್ಜಲೀಕರಣವನ್ನು ಗುರುತಿಸಲು ಬಾಯಾರಿಕೆಯೊಂದನ್ನೇ ನೆಚ್ಚಿಕೊಂಡರೆ, ಯಾರಿಗೆ ಅಪಾಯ ಹೆಚ್ಚೋ ಅವರೇ ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತಾರೆ. ಬಹಳಷ್ಟು ಸಂದರ್ಭಗಳಲ್ಲಿ ಇದನ್ನು ಮೊದಲು ಕಾಣಬಲ್ಲವರು ರೋಗಿಯ ಜೊತೆಗಿರುವವರು: ಮನೆಯವರು, ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿರುವವರು, ಅಂಗನವಾಡಿಯ ಟೀಚರು.

ಬಾಯಾರಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಈ ಮಾತಿನ ಅರ್ಥ ಬಿಡಿಸಿಕೊಳ್ಳುತ್ತದೆ. ಆಗ ತಾನೇ ಹುಟ್ಟಿದ ಮಗುವಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ದೊಡ್ಡವರಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಮುಪ್ಪಿನಲ್ಲಿ ಅರ್ಧದ ಆಸುಪಾಸು. ಬೆವರು, ಉಸಿರು, ಮೂತ್ರ, ಮಲದ ಮೂಲಕ ಹೋದ ನೀರು ಮತ್ತೆ ತುಂಬದಿದ್ದರೆ ರಕ್ತ ಗಟ್ಟಿಯಾಗುತ್ತ ಬರುತ್ತದೆ. ಮೆದುಳಿನ ಬುಡದಲ್ಲಿರುವ ಒಂದು ಪುಟ್ಟ ಭಾಗ ಇದನ್ನು ಅಳೆಯುತ್ತಲೇ ಇರುತ್ತದೆ. ಅದು ಮೊದಲು ಮಾಡುವ ಕೆಲಸ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ ‘ನೀರು ಬಿಡಬೇಡಿ’ ಎಂದು ಹೇಳಿ ಕಳಿಸುವುದು. ಅಷ್ಟರಿಂದ ಸಾಲದೆ ರಕ್ತ ಇನ್ನೂ ಗಟ್ಟಿಯಾದಾಗ ಬಾಯಾರಿಕೆಯ ಅರಿವು ಮೂಡುತ್ತದೆ. ಆದ್ದರಿಂದ ಬಾಯಿ ಒಣಗಿತು ಎನ್ನುವ ಮೊದಲೇ ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗಿರುತ್ತದೆ. ಬಾಯಾರಿಕೆ ಚೆನ್ನಾಗಿ ಗೊತ್ತಾಗುವ ಹೊತ್ತಿಗೆ ಮೈಯ ತೂಕದಲ್ಲಿ ಶೇಕಡಾ 1ರಿಂದ 2ರಷ್ಟು ನೀರು ಹೋಗಿರುತ್ತದೆ. ಅರವತ್ತು ಕೆಜಿ ತೂಗುವವರ ಲೆಕ್ಕದಲ್ಲಿ ಅದು ಅರ್ಧ ಲೀಟರಿಗಿಂತ ಹೆಚ್ಚು, ಒಂದು ಲೀಟರು ದಾಟಿರಲೂಬಹುದು. ತಲೆ ಭಾರವಾಗುವುದು, ಗಮನ ನಿಲ್ಲದಿರುವುದು, ಸಿಡುಕು ಇವೆಲ್ಲ ಶುರುವಾಗುವ ಹಂತ ಅದು.

ಇನ್ನೊಂದು ತೊಡಕಿದೆ. ಬಾಯಾರಿಕೆ ತಡವಾಗಿ ಬಂದು ಬೇಗನೆ ಹೋಗುತ್ತದೆ. ಕುಡಿದ ನೀರು ರಕ್ತ ಸೇರಲು ಹೊತ್ತು ಹಿಡಿಯುತ್ತದೆ. ಆದರೆ ಗಂಟಲಲ್ಲಿ ನಾಲ್ಕು ಗುಟುಕು ಇಳಿಯುತ್ತಲೇ ಮೆದುಳು ಸಾಕೆನ್ನುತ್ತದೆ. ಹೊಲದಲ್ಲಿ ಕಡಲೇಕಾಯಿ ಕೀಳುವವರು ಬದುವಿನ ಮೇಲಿಟ್ಟ ಬಾಟಲಿಯಿಂದ ಗಂಟಲು ನೆನೆಸಿಕೊಂಡು ಮತ್ತೆ ಬಾಗುತ್ತಾರೆ. ಅವರು ಕುಡಿದದ್ದು ಬೆವರಿನಲ್ಲಿ ಕಳೆದದ್ದರ ಅರ್ಧವೂ ಆಗಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಡ್ವರ್ಡ್ ಅಡಾಲ್ಫ್ ಎಂಬ ಶರೀರಶಾಸ್ತ್ರಜ್ಞರು ಮತ್ತವರ ಜೊತೆಗಾರರು ಅಮೆರಿಕದ ಮರುಭೂಮಿಯಲ್ಲಿ ಸೈನಿಕರನ್ನು ಗಮನಿಸಿ ಇದನ್ನೇ ಕಂಡರು: ಬೇಕಾದಷ್ಟು ನೀರು ಕೈಗೆ ಸಿಗುವಂತಿದ್ದರೂ ದುಡಿಯುವ ಮನುಷ್ಯ ಕಳೆದುಕೊಂಡಷ್ಟನ್ನು ಆ ಹೊತ್ತಿಗೆ ಕುಡಿಯುವುದಿಲ್ಲ; ಕೊರತೆ ತುಂಬುವುದು ಬಹುಮಟ್ಟಿಗೆ ಊಟದ ಜೊತೆ. ಹಾಗಾಗಿ ಮಧ್ಯಾಹ್ನದ ಊಟ ಬಿಟ್ಟವರು ನೀರನ್ನೂ ಬಿಟ್ಟವರೇ.

ಮನುಷ್ಯಕುಲ ಸಾವಿರಾರು ವರ್ಷ ಬಾಯಾರಿಕೆಯನ್ನೇ ನಂಬಿ ಬದುಕಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆರೋಗ್ಯವಂತ ಹರೆಯದವರಿಗೆ, ನೀರು ಹತ್ತಿರವಿದ್ದಾಗ, ಬಾಯಾರಿಕೆ ಸಾಕಾದ ದಾರಿಯೇ; ಅವರು ಗಂಟೆ ನೋಡಿ ಕುಡಿಯಬೇಕಾಗಿಲ್ಲ. ಆದರೆ ಬಾಯಾರಿಕೆ ಮೂರು ಬಗೆಯ ಜನರಿಗೆ ಕೈಕೊಡುತ್ತದೆ: ವಯಸ್ಸಾದವರಿಗೆ, ಹೇಳಿಕೊಳ್ಳಲಾಗದ ಕೂಸುಗಳಿಗೆ, ಮತ್ತು ಬಿಸಿಲಲ್ಲಿ ಸತತ ದುಡಿಯುವವರಿಗೆ. ನಿಡುಗಲ್ಲು ಸೀಮೆಯ ಬೇಸಿಗೆಯ ಹಗಲಿನಲ್ಲಿ ಊರಲ್ಲಿ ಕಾಣುವವರು ಬಹುಮಟ್ಟಿಗೆ ಇವರೇ. ಹರೆಯದವರಲ್ಲಿ ಅನೇಕರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಹೋಗಿರುತ್ತಾರೆ. ಮನೆಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು.

ಮುದುಕರ ವಿಚಾರದಲ್ಲಿ 1984ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆದ ಸಣ್ಣದೊಂದು ಪ್ರಯೋಗ ಕಣ್ಣು ತೆರೆಸುವಂಥದು. ಆರೋಗ್ಯವಾಗಿದ್ದ ಏಳು ಜನ ಹರೆಯದವರನ್ನೂ ಏಳು ಜನ ವೃದ್ಧರನ್ನೂ 24 ಗಂಟೆ ನೀರಿಲ್ಲದೆ ಇರಿಸಿ ಆಮೇಲೆ ಬೇಕಾದಷ್ಟು ಕುಡಿಯಲು ಬಿಟ್ಟರು. ವೃದ್ಧರ ರಕ್ತ ಹರೆಯದವರದ್ದಕ್ಕಿಂತ ಹೆಚ್ಚು ಗಟ್ಟಿಯಾಗಿತ್ತು, ಆದರೂ ಅವರಿಗೆ ಬಾಯಾರಿಕೆ ಕಡಿಮೆ, ಕುಡಿದದ್ದೂ ಕಡಿಮೆ. ಅವರು ಕಾಯಿಲೆಯವರೇನಲ್ಲ. ಇಂಥ ಮೈಗೆ ಬಿಪಿಗೆಂದು ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ಸೇರಲಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಸೇರಲಿ, ಮಂಡಿ ನೋವಿಗೆ ಹೆದರಿ ‘ರಾತ್ರಿ ಎದ್ದು ಹೊರಗೆ ಹೋಗಬೇಕಾಗುತ್ತದೆ’ ಎಂದು ಸಂಜೆಯಿಂದಲೇ ನೀರು ಬಿಡುವ ಅಭ್ಯಾಸ ಸೇರಲಿ, ಕೊರತೆ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಅದು ಹೊರಗೆ ಕಾಣಿಸಿಕೊಳ್ಳುವ ರೀತಿಯೂ ಬೇರೆ. ನಿನ್ನೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಮೊಮ್ಮಗಳ ಹೆಸರು ತಪ್ಪುತ್ತಾಳೆ, ಹಗಲೆಲ್ಲ ಮಂಪರು, ಎದ್ದವಳು ಗೋಡೆ ಹಿಡಿಯುತ್ತಾಳೆ ಅಥವಾ ಬೀಳುತ್ತಾಳೆ. ಮನೆಯವರು ‘ಅರಳು ಮರಳು’ ಎಂದುಬಿಡುತ್ತಾರೆ. ಅರಳು ಮರಳು ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುವಂಥದು. ಎರಡು ದಿನದಲ್ಲಿ ಬಂದ ಗೊಂದಲಕ್ಕೆ ಬೇರೆ ಕಾರಣವಿರುತ್ತದೆ. ಅದು ಸೋಂಕಿರಬಹುದು, ಸಕ್ಕರೆಯ ಏರಿಳಿತವಿರಬಹುದು, ಪಾರ್ಶ್ವವಾಯುವೂ ಇರಬಹುದು. ಅವುಗಳ ಸಾಲಿನಲ್ಲಿ ನೀರಿನ ಕೊರತೆಯನ್ನೂ ಮುಂದಿಟ್ಟುಕೊಂಡು ನೋಡಬೇಕು.

ಚರ್ಮ ಚಿವುಟಿ ನೋಡುವ ಪರೀಕ್ಷೆ ಮುದುಕರಲ್ಲಿ ದಾರಿ ತಪ್ಪಿಸುತ್ತದೆ. ವಯಸ್ಸಿನ ಜೊತೆ ಚರ್ಮದ ಬಿಗಿ ಹೋಗಿರುವುದರಿಂದ ಮೈಯಲ್ಲಿ ನೀರು ಸರಿಯಾಗಿದ್ದರೂ ಕೈಯ ಹಿಂಬದಿಯ ಚರ್ಮ ಹಿಡಿದೆತ್ತಿದರೆ ಗುಡಾರದಂತೆ ನಿಲ್ಲುತ್ತದೆ. ಅದಕ್ಕಿಂತ ಬಾಯೊಳಗೆ ನೋಡುವುದು ಮೇಲು: ನಾಲಗೆ ಒಣಗಿ ಬಿರುಕು ಬಿಟ್ಟಿದೆಯೇ, ಕೆನ್ನೆಯ ಒಳಬದಿ ಅಂಟಂಟಾಗಿದೆಯೇ, ಕಂಕುಳು ಪೂರ್ತಿ ಒಣಗಿದೆಯೇ. ಇವೂ ಒಂದೊಂದಾಗಿ ಖಾತ್ರಿಯಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ, 65 ದಾಟಿದವರ ನಿರ್ಜಲೀಕರಣವನ್ನು ಯಾವ ಚಿಹ್ನೆಯಿಂದ ಗುರುತಿಸಬಹುದು ಎಂದು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಬಾಯಿ ಒಣಗುವುದು, ಮೂತ್ರದ ಬಣ್ಣ, ನಾಡಿ ಬಡಿತ ಇವುಗಳಲ್ಲಿ ಯಾವುದೊಂದೂ ತಾನೊಂದೇ ನೆಚ್ಚಿಕೊಳ್ಳುವಂಥದ್ದಲ್ಲ ಎಂಬುದು ಅದರ ತೀರ್ಮಾನ. ಓದಿದವರಿಗೆ ನಿರಾಸೆಯಾಗಬಹುದು. ನನಗೆ ಮಾತ್ರ ಇದು ದಾರಿ ತೋರಿಸುವ ಮಾತಾಗಿ ಕಾಣುತ್ತದೆ. ಒಂದು ಚಿಹ್ನೆ ಸಾಲದು ಎಂದಾದ ಮೇಲೆ ನೋಡಬೇಕಾದದ್ದು ಬದಲಾವಣೆಯನ್ನು, ಎಂದರೆ ಈ ಮನುಷ್ಯ ಮೊನ್ನೆ ಹೇಗಿದ್ದ, ಇವತ್ತು ಹೇಗಿದ್ದಾನೆ ಎಂಬುದನ್ನು. ಮೊನ್ನೆಯದನ್ನು ಕಂಡವರು ಮನೆಯವರು. ಆಸ್ಪತ್ರೆಯಲ್ಲಿ ಮೊದಲ ಸಲ ನೋಡುವ ವೈದ್ಯರಿಗೆ ಅದು ಗೊತ್ತಿರುವುದಿಲ್ಲ.

ಮಕ್ಕಳಲ್ಲಿ ಚಿಹ್ನೆಗಳು ಹೆಚ್ಚು ಸ್ಪಷ್ಟ, ಕಾಲಾವಕಾಶ ಮಾತ್ರ ಕಡಿಮೆ. ಹತ್ತು ಕೆಜಿ ತೂಗುವ ಮಗು ಭೇದಿಯಲ್ಲಿ ಅರ್ಧ ಲೀಟರು ಕಳೆದುಕೊಂಡರೆ ಮೈತೂಕದ ಶೇಕಡಾ 5 ಹೋದಂತೆ, ಒಂದು ಲೀಟರು ಕಳೆದುಕೊಂಡರೆ ಪ್ರಾಣಾಪಾಯ. ವಿಶ್ವ ಆರೋಗ್ಯ ಸಂಸ್ಥೆ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ನಿಲುಕುವಂತೆ ನಾಲ್ಕು ಸಂಗತಿಗಳನ್ನು ಮುಂದಿಟ್ಟಿದೆ: ಮಗುವಿನ ಚಟುವಟಿಕೆ, ಕಣ್ಣು, ಕುಡಿಯುವ ರೀತಿ, ಚರ್ಮ. ಮಗು ರಚ್ಚೆ ಹಿಡಿದು ಸಮಾಧಾನವಾಗದಿರುವುದು, ಕಣ್ಣು ಗುಳಿ ಬಿದ್ದಿರುವುದು, ನೀರು ಕಂಡರೆ ಲೋಟಕ್ಕೆ ಬಾಯಿ ಹಾಕಿ ಆತುರದಿಂದ ಕುಡಿಯುವುದು, ಚಿವುಟಿದ ಚರ್ಮ ನಿಧಾನವಾಗಿ ಇಳಿಯುವುದು, ಇವುಗಳಲ್ಲಿ ಎರಡಾದರೂ ಇದ್ದರೆ ನಿರ್ಜಲೀಕರಣವೆಂದೇ ಲೆಕ್ಕ. ಮಗು ಮಂಕಾಗಿ ಕರೆದರೂ ಕಣ್ಣು ಬಿಡದಿರುವುದು, ಕುಡಿಸಿದರೂ ನುಂಗಲಾರದಿರುವುದು, ಚರ್ಮ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಲ್ಲುವುದು, ಕಣ್ಣು ಗುಳಿ ಬಿದ್ದಿರುವುದು, ಇವುಗಳಲ್ಲಿ ಎರಡಿದ್ದರೆ ಅದು ತೀವ್ರ ಹಂತ. ಇಲ್ಲಿ ತಾಯಂದಿರು ಮೋಸಹೋಗುವ ಒಂದು ಜಾಗವಿದೆ. ಬೆಳಗಿನಿಂದ ಅಳುತ್ತಿದ್ದ ಮಗು ಮಧ್ಯಾಹ್ನ ಸುಮ್ಮನಾದರೆ ‘ಸದ್ಯ, ಮಲಗಿತು’ ಅನ್ನಿಸುತ್ತದೆ. ಭೇದಿ ನಿಲ್ಲದೆ ಅಳು ಮಾತ್ರ ನಿಂತಿದ್ದರೆ ಅದು ಸಮಾಧಾನವಲ್ಲ, ಹದಗೆಡುತ್ತಿರುವ ಗುರುತು.

ಚಿವುಟುವುದಕ್ಕೂ ಒಂದು ಕ್ರಮವಿದೆ. ಮಗುವನ್ನು ಅಂಗಾತ ಮಲಗಿಸಿ, ಕೈಗಳು ಪಕ್ಕಕ್ಕಿರುವಂತೆ ನೋಡಿಕೊಂಡು, ಹೊಕ್ಕುಳಿಗೂ ಪಕ್ಕೆಗೂ ನಡುವಿನ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯಬೇಕು. ಉಗುರು ತಾಗಿ ನೋಯಬಾರದು, ಆದ್ದರಿಂದ ಬೆರಳ ತುದಿಯಲ್ಲಿ ಹಿಡಿಯಬಾರದು. ಮಡಿಕೆ ಮೈಯುದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಒಂದು ಸೆಕೆಂಡು ಎತ್ತಿ ಹಿಡಿದು ಬಿಟ್ಟರೆ ಆರೋಗ್ಯವಾಗಿರುವ ಮಗುವಿನಲ್ಲಿ ಮಡಿಕೆ ಕಣ್ಣಿಗೆ ಕಾಣುವ ಮೊದಲೇ ಮಾಯವಾಗುತ್ತದೆ. ಬಿಟ್ಟ ಮೇಲೂ ಒಂದು ಕ್ಷಣ ಕಂಡರೆ ನಿಧಾನ ಎಂದೇ ಅರ್ಥ. ತುಂಬ ಬಡಕಲಾದ ಮಗುವಿನಲ್ಲಿ ನೀರು ಸರಿಯಿದ್ದರೂ ಚರ್ಮ ನಿಧಾನವಾಗಿ ಇಳಿಯಬಹುದು; ದಪ್ಪನೆಯ ಮಗುವಿನಲ್ಲಿ ನೀರು ಬತ್ತಿದ್ದರೂ ಥಟ್ಟನೆ ಇಳಿಯಬಹುದು. ಅದಕ್ಕೇ ಎರಡು ಚಿಹ್ನೆಗಳ ನಿಯಮ. ಇವುಗಳ ಜೊತೆಗೆ ಅಜ್ಜಿಯರು ಹಿಂದಿನಿಂದ ನೋಡುತ್ತ ಬಂದಿರುವ ಒಂದು ಗುರುತು ನಿಜಕ್ಕೂ ಬೆಲೆಯುಳ್ಳದ್ದು: ಎಳೆಗೂಸಿನ ನೆತ್ತಿ ಗುಳಿ ಬಿದ್ದಿದೆಯೇ ಎಂದು ಅಂಗೈಯಿಂದ ಸವರಿ ನೋಡುವುದು. ಅತ್ತರೆ ಕಣ್ಣೀರು ಬರುತ್ತದೆಯೇ, ಆರು ಗಂಟೆಯಲ್ಲಿ ಒಂದು ಸಲವಾದರೂ ಬಟ್ಟೆ ಒದ್ದೆ ಮಾಡಿತೇ ಎಂಬುದನ್ನೂ ನೋಡಬೇಕು. ಆದರೆ ನೆತ್ತಿ ಕೂತಿದೆ ಎಂದು ಎಣ್ಣೆ ಇಟ್ಟು ಸುಮ್ಮನಿರುವುದು, ಭೇದಿ ಹೆಚ್ಚೀತೆಂದು ನೀರು ನಿಲ್ಲಿಸುವುದು, ಇವೆರಡನ್ನೂ ಬಿಡಲೇಬೇಕು. ನೀರು ಕೊಟ್ಟರೂ ಬಿಟ್ಟರೂ ಭೇದಿ ತನ್ನ ಪಾಡಿಗೆ ನಡೆಯುತ್ತದೆ. ನೀರು ಬಿಟ್ಟರೆ ಮಗು ಉಳಿಯುವುದು ಕಷ್ಟ. ಆರು ತಿಂಗಳ ಒಳಗಿನ ಕೂಸಿಗೆ ಎಂಥ ಬಿಸಿಲಿನಲ್ಲೂ ಬೇರೆ ನೀರು ಬೇಡ, ಎದೆಹಾಲು ಬಹುಪಾಲು ನೀರೇ. ಮತ್ತೆ ಮತ್ತೆ ಹಾಲೂಡಿಸುತ್ತ, ಕೂಸಿಗೆ ಕೊಡಬೇಕೆನಿಸಿದ ನೀರನ್ನು ತಾಯಿ ಕುಡಿಯಬೇಕು. ಭೇದಿಯಾದಾಗ ಮಾತ್ರ ಹಾಲಿನ ಜೊತೆಗೆ ಸಕ್ಕರೆ, ಉಪ್ಪು ಬೆರೆಸಿದ ನೀರು, ಎಂದರೆ ಓಆರ್‌ಎಸ್.

ಇನ್ನು ಬಿಸಿಲಲ್ಲಿ ದುಡಿಯುವವರು. ಈ ಸೀಮೆಯಲ್ಲಿ ಅವರು ಎಲ್ಲೆಲ್ಲೂ ಇದ್ದಾರೆ: ಕುರಿ ಮಂದೆಯ ಹಿಂದೆ ಹಗಲೆಲ್ಲ ನಡೆಯುವವರು, ಕಲ್ಲು ಒಡೆಯುವವರು, ಇಟ್ಟಿಗೆ ಗೂಡಿನವರು, ಉದ್ಯೋಗ ಖಾತ್ರಿ ಕೆಲಸಕ್ಕೆ ಮಣ್ಣು ಎತ್ತುವ ಹೆಂಗಸರು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟಿನ ಸೌರ ಪಾರ್ಕಿನಲ್ಲಿ ಫಲಕ ತೊಳೆಯುವವರಿಗೂ ಕಳೆ ತೆಗೆಯುವವರಿಗೂ ಮರದ ನೆರಳು ದೂರದ ಮಾತು. ಇವರ ವಿಚಾರ ಬಂದಾಗಲೆಲ್ಲ ಕೇಳಿಬರುವ ಮಾತೊಂದಿದೆ: ‘ನಮ್ಮವರಿಗೆ ಬಿಸಿಲು ಅಭ್ಯಾಸ, ಪೇಟೆಯವರ ಹಾಗೆ ಬಾಟಲಿ ಹಿಡಿದು ಓಡಾಡಬೇಕಾಗಿಲ್ಲ.’ ಮೈ ಬಿಸಿಲಿಗೆ ಒಗ್ಗುತ್ತದೆ ಎಂಬುದು ನಿಜ. ಒಂದೆರಡು ವಾರ ಬಿಸಿಲಲ್ಲಿ ದುಡಿದರೆ ಸಾಕು, ಬದಲಾವಣೆ ಆಗುತ್ತದೆ. ಆದರೆ ಹೇಗೆ ಒಗ್ಗುತ್ತದೆ ಎಂಬುದನ್ನು ಕೇಳಬೇಕು. ಒಗ್ಗಿದ ಮೈ ಬೇಗನೆ ಬೆವರಲು ಶುರುಮಾಡುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ಅದು ತಣ್ಣಗಿರುವುದೇ ಹೆಚ್ಚು ನೀರು ಸುರಿಸಿ. ಹಾಗಾಗಿ ಬಿಸಿಲಿಗೆ ಒಗ್ಗಿದವರಿಗೆ ನೀರು ಹೆಚ್ಚೇ ಬೇಕು. ಕಡು ಬಿಸಿಲಲ್ಲಿ ಮೈಮುರಿದು ದುಡಿಯುವವರಿಂದ ಗಂಟೆಗೆ ಒಂದು ಲೀಟರು ಬೆವರು ಹೋಗುವುದುಂಟು. ಉಪವಾಸ ಅಭ್ಯಾಸವಾಗುವಂತೆ ನೀರಿಲ್ಲದಿರುವುದು ಮೈಗೆ ಅಭ್ಯಾಸವಾಗುವುದಿಲ್ಲ. ಅಭ್ಯಾಸವಾಗುವುದು ಸುಸ್ತನ್ನು ಲೆಕ್ಕಿಸದಿರುವುದು ಮಾತ್ರ.

ದುಡಿಯುವವರಲ್ಲಿ ಮೊದಲು ಕೆಡುವುದು ಕೆಲಸದ ಹದ. ಗುದ್ದಲಿ ಏಟು ತಪ್ಪುತ್ತದೆ, ಹೇಳಿದ್ದನ್ನು ಎರಡನೇ ಸಲ ಹೇಳಬೇಕಾಗುತ್ತದೆ, ಸಣ್ಣ ಮಾತಿಗೆ ರೇಗುತ್ತಾರೆ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆಯ ಸ್ನಾಯು ಸೆಳೆತ, ಬಾಗಿ ಎದ್ದಾಗ ಕಣ್ಣು ಕತ್ತಲೆ, ಎದೆ ಡವಗುಟ್ಟುವುದು, ವಾಕರಿಕೆ. ನೀರು ಕಡಿಮೆಯಾದಂತೆ ರಕ್ತದ ಪ್ರಮಾಣ ಇಳಿದು, ಅಷ್ಟರಲ್ಲೇ ಎಲ್ಲ ಕಡೆಗೂ ಮುಟ್ಟಿಸಲು ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಎದ್ದು ನಿಂತಾಗ ರಕ್ತ ಕಾಲಿಗಿಳಿದು ತಲೆಗೆ ಸಾಲದಾಗುತ್ತದೆ. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ನಡೆ ತಪ್ಪಿದರೆ ಅದು ಬರೀ ನಿರ್ಜಲೀಕರಣವಲ್ಲ, ಬಿಸಿಲಾಘಾತ. ದುಡಿಯುತ್ತಿರುವವರಿಗೆ ಬಿಸಿಲಾಘಾತವಾದಾಗ ಬೆವರು ಇನ್ನೂ ಹರಿಯುತ್ತಿರಬಹುದು; ಬೆವರಿದೆ, ಏನೂ ಆಗಿಲ್ಲ ಎಂದು ಕೂರಬಾರದು. ನೆರಳಿಗೆ ಒಯ್ದು ಮೈಮೇಲೆ ನೀರು ಹೊಯ್ದು ಗಾಳಿ ಹಾಕುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಉಸಿರಿನ ದಾರಿಗೆ ಹೋಗುತ್ತದೆ.

ಮೂತ್ರದ ಬಣ್ಣ ಹೆಚ್ಚಿನವರಿಗೆ ಒಳ್ಳೆಯ ಅಳತೆ. ತಿಳಿ ಹುಲ್ಲಿನ ಬಣ್ಣವಿದ್ದರೆ ಸರಿ. ಗಾಢ ಹಳದಿಯಾಗಿ, ಘಾಟು ಹೆಚ್ಚಾಗಿ, ಹೊತ್ತಿಗೊಮ್ಮೆ ಸ್ವಲ್ಪವೇ ಆಗುತ್ತಿದ್ದರೆ ನೀರು ಸಾಲದು. ಬೇಸಿಗೆಯ ಉರಿಮೂತ್ರಕ್ಕೂ ಎಷ್ಟೋ ಸಲ ಇದೇ ಮೂಲ. ಆದರೂ ಚಳಿ, ಜ್ವರ, ಬೆನ್ನುನೋವು ಇದ್ದರೆ ಅದು ಸೋಂಕಿರಬಹುದು, ವೈದ್ಯರಿಗೆ ತೋರಿಸಬೇಕು. ಈ ಅಳತೆಗೂ ಹೊರತಾದವರಿದ್ದಾರೆ. ಕ್ಷಯದ ಮಾತ್ರೆ ನುಂಗುವವರಲ್ಲಿ ರಿಫಾಂಪಿಸಿನ್ನಿಂದ ಮೂತ್ರ ಕೆಂಪು-ಕೇಸರಿಯಾಗಿರುತ್ತದೆ, ಬಿ ವಿಟಮಿನ್ ಮಾತ್ರೆಯವರಲ್ಲಿ ಕಡು ಹಳದಿ. ಎಲ್ಲಕ್ಕಿಂತ ಮುಖ್ಯವಾಗಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದೊಯ್ಯುವುದರಿಂದ ಮೂತ್ರ ತಿಳಿಯಾಗಿ ಧಾರಾಳವಾಗಿ ಹೋಗುತ್ತಲೇ ಮೈ ಒಣಗುತ್ತಿರುತ್ತದೆ.

ಹೆಣ್ಣುಮಕ್ಕಳ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಹೊಲದಲ್ಲಿ ಮರೆಯಿಲ್ಲ, ಸಂತೆಯಲ್ಲಿ ಶೌಚಾಲಯವಿಲ್ಲ, ಇದ್ದ ಕಡೆ ಬಾಗಿಲು ಸರಿಯಿಲ್ಲ ಎಂಬ ಕಾರಣಕ್ಕೆ ಬೇಕೆಂದೇ ನೀರು ಬಿಡುವವರು ಅವರು. ಬಾಯಾರಿಕೆ ಸರಿಯಾಗಿಯೇ ಬರುತ್ತದೆ, ಅದನ್ನು ಅವರೇ ಹತ್ತಿಕ್ಕುತ್ತಾರೆ. ಕೇರಳದ ಮಾದರಿಯಲ್ಲಿ 2019ರಲ್ಲಿ ಕರ್ನಾಟಕದ ಶಾಲೆಗಳಲ್ಲೂ ನೀರು ಕುಡಿಯಲೆಂದು ಗಂಟೆ ಹೊಡೆಯುವ ಕ್ರಮ ಬಂತು. ಒಳ್ಳೆಯ ಯೋಚನೆಯೇ, ಆದರೆ ಶೌಚಾಲಯಕ್ಕೆ ನೀರೂ ಚಿಲಕವೂ ಇಲ್ಲದ ಶಾಲೆಯಲ್ಲಿ ಗಂಟೆ ಹೊಡೆದರೆ ಹುಡುಗಿಯರು ತುಟಿ ಒದ್ದೆ ಮಾಡಿಕೊಂಡು ಬರುತ್ತಾರೆ, ಅಷ್ಟೆ. ತಲೆನೋವು, ಮಲಬದ್ಧತೆ, ಪದೇ ಪದೇ ಬರುವ ಮೂತ್ರದ ಸೋಂಕು ಇವು ಜೊತೆಯಾಗಿ ಕಂಡರೆ ಆ ಹುಡುಗಿ ಅಥವಾ ಹೆಂಗಸು ದಿನವೂ ನೀರು ಬಿಡುತ್ತಿದ್ದಾಳೆಯೇ ಎಂದು ಕೇಳಬೇಕು.

ಈ ಎಲ್ಲದಕ್ಕೂ ಎದುರಾಗಿ ನಿಲ್ಲುವ ದೊಡ್ಡ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಲಕ್ಷಣ ಗುರುತಿಸಿ ಏನು ಮಾಡೋಣ, ಕುಡಿಯಲು ಒಳ್ಳೆಯ ನೀರೆಲ್ಲಿದೆ?’ ಪಾವಗಡ, ಶಿರಾ, ಮಧುಗಿರಿಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5 ಕಡೆಯ ಮಿತಿ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಿಸಿಲ ಸೀಮೆಯವರು ಹೆಚ್ಚು ನೀರು ಕುಡಿಯುವುದರಿಂದ ಅವರ ಮೈಸೇರುವ ಫ್ಲೋರೈಡೂ ಹೆಚ್ಚು. ಇಕ್ಕಟ್ಟು ನಿಜವಾದದ್ದೇ. ಆದರೆ ಎರಡು ಅಪಾಯಗಳ ವೇಗ ಬೇರೆ ಬೇರೆ ಎಂಬುದನ್ನು ಮರೆಯಬಾರದು: ಫ್ಲೋರೈಡು ಕೆಡಿಸುವುದು ವರ್ಷಗಳಲ್ಲಿ, ನೀರಿನ ಕೊರತೆ ಗಂಟೆಗಳಲ್ಲಿ. ಶುದ್ಧ ನೀರಿನ ಘಟಕ ಕೆಟ್ಟಿದೆಯೆಂದು ಭೇದಿಯಾದವರಿಗೆ ನೀರು ಕಡಿಮೆ ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಇನ್ನೊಂದು ಕಡೆ, ಘಟಕಗಳನ್ನು ನಡೆಸುವ, ತುಂಗಭದ್ರೆಯ ಹಿನ್ನೀರನ್ನು ಪಾವಗಡದ ಮನೆ ಮನೆಗೆ ಮುಟ್ಟಿಸುವ ಹೊಣೆ ಸರ್ಕಾರ ಮತ್ತು ಪಂಚಾಯಿತಿಗಳದ್ದು. ಲಕ್ಷಣ ತಿಳಿದುಕೊಳ್ಳಿ ಎಂದು ಜನರಿಗೆ ಹೇಳಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಿಲ್ಲ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಊರಹಬ್ಬದ ಬೆನ್ನಿಗೇ ಹತ್ತಾರು ಜನ ವಾಂತಿ-ಭೇದಿಗೆ ಸಿಕ್ಕಿ ಸಾವುಗಳೂ ಆದವು. ಅದರ ಹಿಂದಿನ ವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಕಲುಷಿತ ನೀರು ಜೀವ ತೆಗೆದಿತ್ತು. ಕೊಳವೆ ಸರಿಪಡಿಸುವುದು ಒಂದು ಕೆಲಸ. ಸರಿಯಾಗುವವರೆಗಿನ ರಾತ್ರಿಗಳಲ್ಲಿ ಯಾವ ಮನೆಯಲ್ಲಿ ಯಾರು ಬತ್ತುತ್ತಿದ್ದಾರೆ ಎಂದು ನೋಡುವುದು ಇನ್ನೊಂದು, ಅದು ಕಾಯುವ ಕೆಲಸವಲ್ಲ.

ಗುರುತಿಸಿದ ಮೇಲೆ ನಮ್ಮವರ ಮೊದಲ ಯೋಚನೆ ಪೇಟೆಗೆ ಹೋಗಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು. ಎಚ್ಚರ ತಪ್ಪಿದವರಿಗೆ, ನುಂಗಲಾರದವರಿಗೆ ಅದು ಬೇಕೇ ಬೇಕು. ಉಳಿದವರಿಗೆ ಬಾಯಿಂದ ಕೊಟ್ಟ ಓಆರ್‌ಎಸ್ ಅಷ್ಟೇ ಗಟ್ಟಿ ಎಂಬುದಕ್ಕೆ ದೊಡ್ಡ ಸಾಕ್ಷ್ಯವಿದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ಏರಿಸುವ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇಕಡಾ 30ರ ಹತ್ತಿರವಿದ್ದ ಸಾವು 3.6ಕ್ಕೆ ಇಳಿಯಿತು. ಆ ಕೆಲಸಕ್ಕೆ ದೇಶ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು. ಕರುಳಿನಲ್ಲಿ ಸಕ್ಕರೆ ಒಳಹೋಗುವಾಗ ಉಪ್ಪನ್ನೂ ಜೊತೆಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಅಳತೆ ಮಾತ್ರ ತಪ್ಪಬಾರದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕದಡಬೇಕು, ಲೋಟಕ್ಕೆ ಚೂರು ಚೂರು ಉದುರಿಸಬಾರದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕದಡಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ, ತೆಳ್ಳಗಿನ ರಾಗಿ ಅಂಬಲಿ ಒಳ್ಳೆಯವೇ. ಅಂಗಡಿಯ ಸಿಹಿ ಪಾನೀಯಗಳು ಬೇಡ, ಅತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಅಚ್ಚು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದ್ದು ಇದಕ್ಕೇ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಬೇಕು.

ಹೀಗೆ ಹೇಳಿದರೆ ಜನ ಹೆದರಿ ಅತಿಯಾಗಿ ಕುಡಿಯುವುದಿಲ್ಲವೇ ಎಂಬ ಅನುಮಾನವೂ ಸಹಜ. ಗಂಟೆಗಟ್ಟಲೆ ಬೆವರಿಳಿಸಿ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಉಪ್ಪು ಇಳಿದು ಅದೂ ತಲೆನೋವು, ವಾಕರಿಕೆ, ಗೊಂದಲವನ್ನೇ ತರುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಯಿರುವ ಕೆಲವರಿಗೆ ವೈದ್ಯರೇ ನೀರಿನ ಮಿತಿ ಹಾಕಿರುತ್ತಾರೆ. ಆದ್ದರಿಂದ ಎಲ್ಲರಿಗೂ ಇಷ್ಟು ಲೀಟರು ಎಂಬ ಒಂದೇ ಅಂಕಿ ಕೊಡುವುದು ತಪ್ಪು. ದುಡಿಮೆಯ ನಡುವೆ ನೀರಿನ ಜೊತೆ ಮಜ್ಜಿಗೆಯೋ ಊಟವೋ ಇರಲಿ, ಮೂತ್ರ ತಿಳಿಯಾಗಿರಲಿ, ಅಷ್ಟು ಸಾಕು.

ಆಸ್ಪತ್ರೆಗೆ ಹೊರಡಲೇಬೇಕಾದ ಹೊತ್ತು ಯಾವುದೆಂದರೆ, ಕರೆದರೆ ಓಗೊಡದಿದ್ದಾಗ, ಕುಡಿದದ್ದೆಲ್ಲ ವಾಂತಿಯಾದಾಗ, ಮಲದಲ್ಲಿ ರಕ್ತ ಕಂಡಾಗ, ಕೈಕಾಲು ತಣ್ಣಗಾಗಿ ನಾಡಿ ಸಿಗದಷ್ಟು ತೆಳ್ಳಗಾದಾಗ, ದೊಡ್ಡವರಿಗೆ ಎಂಟು ಹತ್ತು ಗಂಟೆ ಮೂತ್ರವೇ ಆಗದಿದ್ದಾಗ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ, ಎಚ್ಚರವಿದ್ದು ನುಂಗಬಲ್ಲವರಾದರೆ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡುತ್ತಲೇ ಇರಬೇಕು. ವೈದ್ಯರ ಮುಂದೆ ‘ಸುಸ್ತು ಸ್ವಾಮಿ’ ಎಂದಷ್ಟೇ ಹೇಳಿ ನಿಲ್ಲದೆ, ಭೇದಿ ಎಷ್ಟು ಸಲ ಆಯಿತು, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ, ಬೆಳಗಿನಿಂದ ಏನೇನು ಎಷ್ಟು ಕುಡಿದರು, ಯಾವ ಮಾತ್ರೆ ನುಂಗುತ್ತಾರೆ, ಮಾತಿನಲ್ಲಿ ನಡೆಯಲ್ಲಿ ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂಬುದನ್ನು ಜೊತೆಗೆ ಬಂದವರು ತಾವಾಗಿಯೇ ತಿಳಿಸಬೇಕು.